ಇಪ್ಪತ್ತು ವರ್ಷದ ಫರ್ನೇಸ್: ಶುಚಿ ಮಾಡಿಸೋದೋ, ಕಿತ್ತು ಹೊಸದು ಹಾಕಿಸೋದೋ?

2005ರಲ್ಲಿ ಕಟ್ಟಿದ ಮನೆ. ಚಿಕಾಗೋದ ಪಶ್ಚಿಮಕ್ಕೆ, ನೇಪರ್‌ವಿಲ್, ಅರೋರಾ ಆಸುಪಾಸಿನಲ್ಲಿ ಇಂಥ ಮನೆಗಳು ಎಣಿಸಲಾರದಷ್ಟಿವೆ: ಎರಡು ಅಂತಸ್ತು, ಕೆಳಗೆ ಬೇಸ್‌ಮೆಂಟ್, ಅದರ ಮೂಲೆಯಲ್ಲಿ ಮನೆಯ ಗಾಳಿ ಕಾಯಿಸುವ ಗ್ಯಾಸ್ ಫರ್ನೇಸ್, ಪಕ್ಕದಲ್ಲೇ ನೀರು ಕಾಯಿಸುವ ಟ್ಯಾಂಕು. ಮನೆಯವರು ಹಾಸನದ ಕಡೆಯವರು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಊರಿನಿಂದ ಬಂದಿದ್ದ ಅಜ್ಜಿ. ಫರ್ನೇಸ್ ಮಾತ್ರ ಬಿಲ್ಡರ್ ಹಾಕಿಸಿಕೊಟ್ಟದ್ದೇ. 2025ರ ಜನವರಿ ನಡುವೆ, ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗಿದ್ದಾಗ, ಅದು ಕೈಕೊಟ್ಟಿತು.

ಕೈಕೊಟ್ಟ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ರೋಗದ ಅರ್ಧ ಸುಳಿವು ಅದರಲ್ಲೇ ಇತ್ತು. ಯಂತ್ರ ಪೂರ್ತಿ ಸತ್ತಿರಲಿಲ್ಲ. ಮನೆಯ ಉಷ್ಣತೆ ನೋಡಿ ಆಜ್ಞೆ ಕೊಡುವ ಥರ್ಮೋಸ್ಟಾಟ್ ಕರೆದ ಕೂಡಲೇ ಹೊಗೆ ಎಳೆಯುವ ಸಣ್ಣ ಫ್ಯಾನ್ ತಿರುಗುತ್ತಿತ್ತು, ಇಗ್ನೈಟರ್ ಕೆಂಪಗೆ ಕಾಯುತ್ತಿತ್ತು, ಗ್ಯಾಸ್ ವಾಲ್ವ್ ಟಕ್ಕೆಂದು ತೆರೆದು ಬರ್ನರ್‌ಗಳು ಸಾಲಾಗಿ ಹೊತ್ತಿಕೊಳ್ಳುತ್ತಿದ್ದವು. ನಾಲ್ಕೈದು ಸೆಕೆಂಡಿನಲ್ಲಿ ಎಲ್ಲವೂ ಆರಿಹೋಗುತ್ತಿತ್ತು. ಹೀಗೆ ಕೆಲವು ಸಲ ಮಾಡಿ, ಕಂಟ್ರೋಲ್ ಬೋರ್ಡು ಕೆಂಪು ದೀಪ ಮಿಟುಕಿಸಿ ಮುಷ್ಕರ ಹೂಡುತ್ತಿತ್ತು. ಸಂಜೆಯಷ್ಟರಲ್ಲಿ ಮನೆಯೊಳಗೆ 14 ಡಿಗ್ರಿ ಸೆಲ್ಸಿಯಸ್.

ಫೋನ್ ಮಾಡಿದ ಮೊದಲ ಕಂಪನಿಯ ತಂತ್ರಜ್ಞ ಬಂದು, ಮುಂದಿನ ತಗಡು ತೆಗೆದು, ಟಾರ್ಚ್ ಬಿಟ್ಟು ನೋಡಿದ. ಹೇಳಿದ್ದಿಷ್ಟು: ವಯಸ್ಸು ಇಪ್ಪತ್ತು, ಬರ್ನರ್ ಗೂಡಿನಲ್ಲಿ ತುಕ್ಕು ಇದೆ, ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿರುವ ಸಾಧ್ಯತೆ ಇದೆ, ಬಿರುಕಿದ್ದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರುತ್ತದೆ. ಶುಚಿ ಮಾಡಬಹುದು, ಆದರೆ ಗ್ಯಾರಂಟಿ ಕೊಡಲಾರೆ. ಹೊಸ 96 ಪರ್ಸೆಂಟ್ ಫರ್ನೇಸ್ (ಗ್ಯಾಸಿನ ಬಿಸಿಯಲ್ಲಿ ಅಷ್ಟು ಪಾಲು ಮನೆಗೆ ಕೊಡುವಂಥದ್ದು), ಈಗಿನಷ್ಟೇ ಗಂಟೆಗೆ ಒಂದು ಲಕ್ಷ ಬಿಟಿಯು (ಬಿಸಿಯ ಅಳತೆ) ಸೈಜಿನದ್ದು, 7,800 ಡಾಲರ್. ಇವತ್ತೇ ಸಹಿ ಮಾಡಿದರೆ ರಿಯಾಯಿತಿ.

ಮನೆಯಲ್ಲಿ ವಯಸ್ಸಾದವರು, ಮಕ್ಕಳು. ಕಿವಿಗೆ ಬಿದ್ದದ್ದು ವಿಷಾನಿಲದ ಮಾತು. ಸಹಿ ಹಾಕುವುದೇ ಸಹಜ. ಇವರು ಹಾಕಲಿಲ್ಲ, ಒಂದು ರಾತ್ರಿ ಹೇಗೋ ತಳ್ಳೋಣ ಎಂದುಕೊಂಡರು. ಗೆಳೆತನದ ಸಲಿಗೆಯಲ್ಲಿ ನನ್ನನ್ನು ಕರೆದದ್ದು ಆಗಲೇ. ನಾನು ಫರ್ನೇಸ್ ರಿಪೇರಿಯವನಲ್ಲ. ಯಂತ್ರಗಳ ಲೆಕ್ಕ ನೋಡುವುದು ಹೊಟ್ಟೆಪಾಡು.

ಆ ರಾತ್ರಿ ಮಾಡಿದ್ದು ಸರಳ. ಗ್ಯಾಸ್ ಫರ್ನೇಸ್ ಆಫ್. ಎರಡು ಎಲೆಕ್ಟ್ರಿಕ್ ಹೀಟರ್, ಎರಡನ್ನೂ ನೇರ ಗೋಡೆಯ ಪ್ಲಗ್ಗಿಗೆ, ಬೇರೆ ಬೇರೆ ಸರ್ಕ್ಯೂಟಿನಲ್ಲಿ. 1,500 ವ್ಯಾಟಿನ ಹೀಟರ್ ಇಲ್ಲಿನ 120 ವೋಲ್ಟಿನಲ್ಲಿ ಹನ್ನೆರಡೂವರೆ ಆಂಪಿಯರ್ ಎಳೆಯುತ್ತದೆ, ಮಲಗುವ ಕೋಣೆಯ ಸರ್ಕ್ಯೂಟು ಸಾಮಾನ್ಯವಾಗಿ ಹದಿನೈದರದ್ದು. ಒಂದರ ಮೇಲೆ ಇನ್ನೊಂದು ಹಾಕಿದರೆ ಬ್ರೇಕರ್ ಬೀಳುತ್ತದೆ. ಎಕ್ಸ್‌ಟೆನ್ಶನ್ ವೈರಿಗೆ ಹಾಕಿದರೆ ಅದಕ್ಕಿಂತ ಕೆಟ್ಟದ್ದಾಗಬಹುದು. ಹೊರಗೋಡೆಗೆ ತಾಗಿದ ಸಿಂಕ್‌ಗಳ ಕೆಳಗಿನ ಬಾಗಿಲು ತೆರೆದಿಟ್ಟು, ನಲ್ಲಿಗಳನ್ನು ಹನಿಯಾಗಿ ಬಿಟ್ಟರು, ಪೈಪ್ ಹೆಪ್ಪುಗಟ್ಟಿ ಒಡೆಯದಿರಲೆಂದು. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿದರು.

ಎರಡು ಪ್ರಶ್ನೆ ಒಂದಾಗಿ ಕಲಸಿಹೋದದ್ದು

ಮೊದಲ ತಂತ್ರಜ್ಞ ಹೇಳಿದ್ದರಲ್ಲಿ ಸುಳ್ಳು ಅನ್ನುವಂಥದ್ದು ಇರಲಿಲ್ಲ. ತುಕ್ಕು ನಿಜ, ವಯಸ್ಸು ನಿಜ. ಇಂಥ ಫರ್ನೇಸಿನ ಆಯುಸ್ಸು ಹದಿನೈದರಿಂದ ಇಪ್ಪತ್ತು ವರ್ಷ ಎಂಬುದೂ ನಿಜ. ಆದರೆ "ಇದು ಅಪಾಯವೇ?" ಮತ್ತು "ಇದರ ಮೇಲೆ ಇನ್ನು ದುಡ್ಡು ಸುರಿಯುವುದು ಸರಿಯೇ?" ಎಂಬ ಎರಡು ಬೇರೆ ಪ್ರಶ್ನೆಗಳನ್ನು ಆತ ಒಂದೇ ಉಸಿರಿನಲ್ಲಿ ಹೇಳಿದ್ದ. ಮೊದಲನೆಯದಕ್ಕೆ ಉತ್ತರ ಅಳತೆಯಿಂದ ಬರಬೇಕು, ಎರಡನೆಯದಕ್ಕೆ ಲೆಕ್ಕದಿಂದ. ಆತ ಅಳೆದಿರಲಿಲ್ಲ, ಲೆಕ್ಕವನ್ನೂ ಮಾಡಿರಲಿಲ್ಲ.

ಹೀಟ್ ಎಕ್ಸ್‌ಚೇಂಜರ್ ಬಗ್ಗೆ ಊರಿನ ಓದುಗರಿಗೆ ಒಂದು ಮಾತು. ಬಚ್ಚಲ ಮನೆಯ ಹಂಡೆ ನೆನೆಸಿಕೊಳ್ಳಿ: ಬೆಂಕಿ, ಹೊಗೆ ಒಂದು ಬದಿ, ನೀರು ಇನ್ನೊಂದು ಬದಿ, ನಡುವೆ ತಾಮ್ರದ ಗೋಡೆ. ಫರ್ನೇಸಿನಲ್ಲಿ ನೀರಿನ ಜಾಗದಲ್ಲಿ ಮನೆಯ ಗಾಳಿ, ತಾಮ್ರದ ಜಾಗದಲ್ಲಿ ಉಕ್ಕಿನ ಕೊಳವೆಗಳು. ಬೆಂಕಿ ಕೊಳವೆಯೊಳಗೆ ಹೋಗುತ್ತದೆ, ದೊಡ್ಡ ಬ್ಲೋವರ್ ಅದರ ಹೊರಮೈ ಸವರಿಕೊಂಡು ಗಾಳಿ ನೂಕಿ ಡಕ್ಟ್‌ಗಳ ಮೂಲಕ ಕೋಣೆಕೋಣೆಗೂ ಕಳಿಸುತ್ತದೆ. ಆ ಗೋಡೆ ಬಿರಿದರೆ ಗ್ಯಾಸಿನ ಹೊಗೆಯೂ ಕೋಣೆಯ ಗಾಳಿಯೂ ಕಲೆಯುವ ದಾರಿ ತೆರೆಯುತ್ತದೆ. ಹಾಗಾಗಿ ಬಿರುಕು ಇದೆಯೆಂದು ಖಾತ್ರಿಯಾದರೆ ಚರ್ಚೆ ಮುಗಿಯಿತು; ಯಾವ ಶುಚಿಯೂ ಅದನ್ನು ಮುಚ್ಚುವುದಿಲ್ಲ. ಇಪ್ಪತ್ತು ವರ್ಷದ ಯಂತ್ರಕ್ಕೆ ಹೊಸ ಎಕ್ಸ್‌ಚೇಂಜರ್ ಕೂರಿಸುವುದರಲ್ಲೂ ಅರ್ಥವಿಲ್ಲ. ಆದರೆ "ಇರಬಹುದು" ಎಂಬ ಮಾತಿಗೆ 7,800 ಡಾಲರ್ ಕೊಡಲಾಗದು. ಕ್ಯಾಮೆರಾ ಬಿಟ್ಟು ತೋರಿಸಿ, ಫೋಟೋ ಕೊಡಿ, ಹೊಗೆಯ ಅಳತೆ ಬರೆದುಕೊಡಿ ಎಂದು ಕೇಳುವ ಹಕ್ಕು ಮನೆಯವರಿಗಿದೆ.

ಮನೆಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿರಲಿಲ್ಲ, ಅದೇ ಅವರಿಗೆ ದೊಡ್ಡ ಸಮಾಧಾನ. ನಾನು ಆ ಸಮಾಧಾನವನ್ನು ಸ್ವಲ್ಪ ಕೆಡಿಸಬೇಕಾಯಿತು. ಇಲ್ಲಿನ ಮಾನದಂಡದ ಪ್ರಕಾರ ಅಲಾರಂ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 70 ಪಾಲು) ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ ಕೂಗಬೇಕು, 400 ಇದ್ದರೆ ನಾಲ್ಕರಿಂದ ಹದಿನೈದು ನಿಮಿಷದಲ್ಲಿ. ಅಂದರೆ ಸಣ್ಣ ಸೋರಿಕೆಗೆ ಅದು ಬಾಯಿ ತೆರೆಯಬೇಕೆಂದಿಲ್ಲ. ಇಲಿನಾಯ್ ರಾಜ್ಯದಲ್ಲಿ 2007ರಿಂದ ಪ್ರತಿ ಮಲಗುವ ಕೋಣೆಯ ಹದಿನೈದು ಅಡಿಯೊಳಗೆ ಇದನ್ನಿಡುವುದು ಕಡ್ಡಾಯ. ಈ ಮನೆಯಲ್ಲಿ ಇತ್ತು, ಆದರೆ ಹಿಂಬದಿ ಅಚ್ಚಾಗಿದ್ದ ದಿನಾಂಕ ನೋಡಿದರೆ ಅದರ ಅವಧಿ ಎಂದೋ ಮುಗಿದಿತ್ತು. ಮೊದಲ ಖರ್ಚು ಅದಕ್ಕೇ ಆಯಿತು.

ಎರಡನೆಯವನು ಅಳೆದದ್ದು

ಮರುದಿನ ಬೇರೆ ಕಡೆಯಿಂದ ಬಂದವನ ಕೈಯಲ್ಲಿ ಹೊಗೆಯಲ್ಲಿ ಏನೇನಿದೆ ಎಂದು ಅಳೆಯುವ ಕಂಬಷನ್ ಅನಲೈಸರ್ ಇತ್ತು. ಮಾತು ಕಡಿಮೆ. ಮೊದಲು ಫ್ಲೇಮ್ ಸೆನ್ಸರ್ ಹಿಡಿದ. ಅದು ಬೆಂಕಿಯೊಳಗೆ ಚಾಚಿಕೊಂಡಿರುವ ಒಂದು ತೆಳು ಲೋಹದ ಕಡ್ಡಿ. ಬೆಂಕಿ ಉರಿಯುವಾಗ ಜ್ವಾಲೆಯ ಮೂಲಕ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ಅದು ಸಿಕ್ಕಿದರೆ "ಬೆಂಕಿ ಹೊತ್ತಿದೆ" ಎಂದು ಬೋರ್ಡ್ ನಂಬುತ್ತದೆ, ಸಿಗದಿದ್ದರೆ ಹೊತ್ತದ ಗ್ಯಾಸ್ ಮನೆಗೆ ತುಂಬದಿರಲೆಂದು ವಾಲ್ವ್ ಮುಚ್ಚಿಬಿಡುತ್ತದೆ. ಒಳ್ಳೆಯ ಸ್ಥಿತಿಯಲ್ಲಿ ಎರಡರಿಂದ ಆರು ಮೈಕ್ರೋಆಂಪಿಯರ್ ಇರುತ್ತದೆ. ಇಲ್ಲಿ 0.6. ಕಡ್ಡಿಯ ಮೇಲೆ ಬೂದು ಬಿಳಿಯ ತೆಳು ಪೊರೆ. ಬಿಚ್ಚಿ, ನಯವಾದ ಉಕ್ಕಿನ ನಾರಿನಿಂದ (ಸ್ಟೀಲ್ ವುಲ್) ಉಜ್ಜಿ, ಮತ್ತೆ ಹಾಕಿದ: 3.8. ಫರ್ನೇಸ್ ಹೊತ್ತಿಕೊಂಡಿತು, ಉರಿಯುತ್ತಲೇ ಇತ್ತು.

ಇಲ್ಲಿಗೆ ನಿಲ್ಲಿಸಿ ದುಡ್ಡು ತೆಗೆದುಕೊಂಡು ಹೋಗುವವರೂ ಇದ್ದಾರೆ. ಇವನು ಹೋಗಲಿಲ್ಲ. ಫರ್ನೇಸಿಗೆ ಬರುವ ಗಾಳಿಯ ಉಷ್ಣತೆಯನ್ನೂ ಬಿಟ್ಟು ಹೋಗುವ ಗಾಳಿಯ ಉಷ್ಣತೆಯನ್ನೂ ಅಳೆದ. ವ್ಯತ್ಯಾಸ 78 ಡಿಗ್ರಿ ಫ್ಯಾರನ್‌ಹೀಟ್. ಒಳಗೆ ಅಂಟಿಸಿದ್ದ ಪಟ್ಟಿಯಲ್ಲಿ ಇರಬೇಕಾದ್ದು 40ರಿಂದ 70. ಅಂದರೆ ಬಿಸಿ ಇದೆ, ಅದನ್ನು ಹೊತ್ತೊಯ್ಯಲು ಸಾಕಷ್ಟು ಗಾಳಿ ಇಲ್ಲ. ಸಾಮಾನ್ಯ ಸೂತ್ರ ಹಾಕಿದರೆ ನಿಮಿಷಕ್ಕೆ ಸುಮಾರು 950 ಘನ ಅಡಿ ಗಾಳಿ ಮಾತ್ರ ಹರಿಯುತ್ತಿತ್ತು. ಕಾರಣ ಮೂರು. ಒಂದಿಂಚು ದಪ್ಪದ ಮರ್ವ್ 13 ಫಿಲ್ಟರ್ (ಮರ್ವ್ ಅಂಕಿ ಹೆಚ್ಚಿದಷ್ಟೂ ಸಣ್ಣ ಧೂಳು ಹಿಡಿಯುತ್ತದೆ, ಗಾಳಿಗೂ ತಡೆ ಹೆಚ್ಚು), ಅಲರ್ಜಿಗೆ ಒಳ್ಳೆಯದೆಂದು ಯಾರೋ ಹೇಳಿ ಹಾಕಿಸಿದ್ದು, ಅದೂ ಒಗ್ಗರಣೆಯ ಎಣ್ಣೆಜಿಡ್ಡು, ಊದುಬತ್ತಿಯ ಮಸಿ ಕುಡಿದು ಕಪ್ಪಗೆ ಕೂತಿತ್ತು. ಬ್ಲೋವರ್ ಚಕ್ರದ ಎಸಳುಗಳಲ್ಲಿ ಬಿಳಿ ಧೂಳು ಮೆತ್ತಿ ಗಟ್ಟಿಯಾಗಿತ್ತು. ಮೇಲೆ ಕೂತಿರುವ ಎಸಿ ಕಾಯಿಲ್‌ನ ತಳವೂ ಹಾಗೇ.

ಈ ಬಿಳಿ ಧೂಳು ಎಲ್ಲಿಂದ? ಹಿಂದಿನ ಚಳಿಗಾಲಕ್ಕೆ ಮುಂಚೆ ಬೇಸ್‌ಮೆಂಟಿಗೆ ಗೋಡೆ ಕಟ್ಟಿಸಿ, ಒಂದು ದೇವರ ಮನೆ, ಒಂದು ಟಿವಿ ಕೋಣೆ ಮಾಡಿಸಿದ್ದರು. ಡ್ರೈವಾಲ್ ಎಂಬ ಜಿಪ್ಸಮ್ ಹಲಗೆಯ ಗೋಡೆ ಉಜ್ಜುವಾಗ ಅದರ ಪುಡಿ ಮಂಜಿನಂತೆ ಏಳುತ್ತದೆ. ಆ ದಿನಗಳಲ್ಲೆಲ್ಲ ಫರ್ನೇಸ್ ಓಡುತ್ತಲೇ ಇತ್ತು. ಒಂದು ಪ್ಲಾಸ್ಟಿಕ್ ಪರದೆ ಕಟ್ಟಿ, ಕೆಲಸ ನಡೆಯುವಾಗ ಬ್ಲೋವರ್ ನಿಲ್ಲಿಸಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ ಎಂದು ತಂತ್ರಜ್ಞ ಗೊಣಗಿದ.

ಚಕ್ರ ಬಿಚ್ಚಿ ತೊಳೆದು, ಕಾಯಿಲ್ ತಳ ಬ್ರಷ್ ಮಾಡಿ, ಮರ್ವ್ 8 ಫಿಲ್ಟರ್ ಹಾಕಿದ ಮೇಲೆ ವ್ಯತ್ಯಾಸ 58 ಡಿಗ್ರಿಗೆ ಇಳಿಯಿತು, ಗಾಳಿ ನಿಮಿಷಕ್ಕೆ ಸುಮಾರು 1,280 ಘನ ಅಡಿಗೆ ಏರಿತು. ಮೇಲಿನ ಮಲಗುವ ಕೋಣೆ ಯಾವಾಗಲೂ ತಣ್ಣಗಿರುತ್ತದೆ ಎಂಬ ಹಳೆಯ ದೂರು ಅಲ್ಲಿಗೆ ಮುಗಿಯಿತು.

ನಂತರ ಹೊಗೆಯ ಪರೀಕ್ಷೆ. ಹೊಗೆಕೊಳವೆಯಲ್ಲಿ ಕಾರ್ಬನ್ ಮಾನಾಕ್ಸೈಡ್ 38 ಪಿಪಿಎಂ. ಇಂಥ ಫರ್ನೇಸಿಗೆ ಮಾನದಂಡದ ಮಿತಿ 400. ಅದಕ್ಕಿಂತ ಮುಖ್ಯವಾಗಿ, ದೊಡ್ಡ ಬ್ಲೋವರ್ ಶುರುವಾದ ಕ್ಷಣ ಆ ಅಂಕಿಯಾಗಲಿ ಆಮ್ಲಜನಕದ ಅಂಕಿಯಾಗಲಿ ಕದಲಲಿಲ್ಲ, ಜ್ವಾಲೆ ಅಲುಗಲಿಲ್ಲ. ದೊಡ್ಡ ಬಿರುಕು ಇದ್ದಿದ್ದರೆ ಬ್ಲೋವರ್ ಗಾಳಿ ಅದರೊಳಗೆ ನುಗ್ಗಿ ಬೆಂಕಿಯನ್ನು ಕೆದಕುತ್ತಿತ್ತು. ಕ್ಯಾಮೆರಾ ಬಿಟ್ಟಾಗ ಒಂದು ತಿರುವಿನಲ್ಲಿ ಮೇಲ್ಮೈ ತುಕ್ಕು ಕಂಡಿತು, ಸೀಳು ಕಾಣಲಿಲ್ಲ. ಫೋಟೋ ಕೊಟ್ಟ. ಎಲ್ಲ ಸೇರಿ 280 ಡಾಲರ್. ಡಕ್ಟ್‌ಗಳನ್ನೂ ಶುಚಿ ಮಾಡಿಸಬೇಕೇ ಎಂದು ಮನೆಯಾಕೆ ಕೇಳಿದರು. ಅದೊಂದು ಪ್ರತ್ಯೇಕ ವ್ಯಾಪಾರ. ವಾಡಿಕೆಯಾಗಿ ಮಾಡಿಸುವ ಅಗತ್ಯವಿಲ್ಲ, ಆರೋಗ್ಯ ತೊಂದರೆ ತಪ್ಪುತ್ತದೆ ಎಂಬುದಕ್ಕೆ ಪುರಾವೆ ಇಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳುತ್ತದೆ. ಡ್ರೈವಾಲ್ ಪುಡಿ ಕಣ್ಣಿಗೆ ಕಾಣುತ್ತಿದ್ದ ಮನೆಯ ಗಾಳಿ ಫರ್ನೇಸಿಗೆ ಮರಳುವ ಎರಡು ರಿಟರ್ನ್ ಬಾಯಿಗಳನ್ನು ವ್ಯಾಕ್ಯೂಮ್ ಮಾಡಿ ಬಿಟ್ಟರು.

ನಿಜವಾದ ಅಪಾಯ ಪಕ್ಕದಲ್ಲಿತ್ತು

ಹೊರಡುವ ಮುಂಚೆ ಆತ ವಾಟರ್ ಹೀಟರ್ ಕಡೆ ತಿರುಗಿದ. ಅದರ ತಲೆಯ ಮೇಲೆ, ಪೈಪ್‌ಗಳ ಸುತ್ತ ಇರುವ ಪ್ಲಾಸ್ಟಿಕ್ ಬಳೆಗಳು ಕರಗಿ ವಾರೆಯಾಗಿದ್ದವು. ಚಿಮಣಿಗೆ ಏರಬೇಕಾದ ಬಿಸಿ ಹೊಗೆ ಆಗಾಗ ವಾಪಸು ಚೆಲ್ಲುತ್ತಿತ್ತು ಎಂಬುದಕ್ಕೆ ಅದು ಗುರುತು. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಎನಿಸಿದ ಸಂಗತಿ ಇದೇ, ಮೊದಲ ಕೊಟೇಶನ್ನಿನಲ್ಲಿ ಇದರ ಸುಳಿವೂ ಇರಲಿಲ್ಲ.

ಬೇಸ್‌ಮೆಂಟ್ ಕಟ್ಟಿಸಿದಾಗ ಫರ್ನೇಸ್, ಹೀಟರ್ ಎರಡನ್ನೂ ಎಂಟಡಿ ಹತ್ತಡಿಯ ಕೋಣೆಯೊಳಗೆ ಸೇರಿಸಿ, ಸದ್ದು ಬರಬಾರದೆಂದು ಗಟ್ಟಿ ಬಾಗಿಲು ಹಾಕಿಸಿದ್ದರು. ಗ್ಯಾಸ್ ಉರಿಯಲು ಗಾಳಿ ಬೇಕು. ಇಲ್ಲಿನ ಇಂಧನ ಅನಿಲ ಸಂಹಿತೆಯ ಸರಳ ಲೆಕ್ಕ: ಪ್ರತಿ ಸಾವಿರ ಬಿಟಿಯುಗೆ 50 ಘನ ಅಡಿ ಜಾಗ. ಫರ್ನೇಸ್ ಒಂದು ಲಕ್ಷ, ಹೀಟರ್ ನಲವತ್ತು ಸಾವಿರ, ಒಟ್ಟು 7,000 ಘನ ಅಡಿ ಬೇಕು. ಆ ಕೋಣೆಯಲ್ಲಿ ಇದ್ದದ್ದು 640. ಇದರ ಮೇಲೆ, ಅಡುಗೆಮನೆಯಲ್ಲಿ ಒಗ್ಗರಣೆ ಘಾಟು ತಡೆಯಲಾರದೆ ನಿಮಿಷಕ್ಕೆ 600 ಘನ ಅಡಿ ಹೊರಗೆಳೆಯುವ ಹುಡ್ ಹಾಕಿಸಿದ್ದರು. ನಮ್ಮವರ ಎಷ್ಟೋ ಮನೆಗಳಲ್ಲಿ ಇದು ಇದೆ, ತಪ್ಪೂ ಅಲ್ಲ. ಆದರೆ ಅಷ್ಟು ಗಾಳಿ ಹೊರಗೆ ಹೋದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ಕಿಟಕಿ ಬಾಗಿಲು ಬಿಗಿಯಾಗಿರುವ ಜನವರಿಯಲ್ಲಿ ಅದಕ್ಕೆ ಸಿಗುವ ಸುಲಭದ ದಾರಿ ಚಿಮಣಿ. ಫರ್ನೇಸಿಗೆ ಹೊಗೆ ನೂಕಲು ಸ್ವಂತ ಫ್ಯಾನ್ ಇದೆ. ವಾಟರ್ ಹೀಟರಿಗೆ ಇಲ್ಲ, ಅದು ಬಿಸಿಗಾಳಿ ತಾನೇ ಏರುತ್ತದೆಂದು ನಂಬಿ ಕೂತಿದೆ.

ಪರೀಕ್ಷೆಗೆ ದೇವರ ಮನೆಯ ಊದುಬತ್ತಿಯೇ ಸಾಕಾಯಿತು. ಹುಡ್, ಬಟ್ಟೆ ಒಣಗಿಸುವ ಡ್ರೈಯರ್, ಬಚ್ಚಲ ಫ್ಯಾನ್ ಎಲ್ಲ ಚಾಲೂ, ಕೋಣೆಯ ಬಾಗಿಲು ಮುಚ್ಚಿ, ಹೀಟರ್ ಹೊತ್ತಿಸಿ, ಅದರ ಕೊರಳ ಬಳಿ ಊದುಬತ್ತಿ ಹಿಡಿದ. ಹೊಗೆ ಒಳಗೆ ಸೆಳೆಯಲ್ಪಡಬೇಕು. ಐದು ನಿಮಿಷವಾದರೂ ಅದು ನಮ್ಮ ಮುಖಕ್ಕೇ ಬರುತ್ತಿತ್ತು.

ಈಗ ಮೊದಲ ಕೊಟೇಶನ್ನಿಗೆ ಸಹಿ ಹಾಕಿದ್ದರೆ ಏನಾಗುತ್ತಿತ್ತು ನೋಡಿ. 96 ಪರ್ಸೆಂಟಿನ ಫರ್ನೇಸ್ ಚಿಮಣಿ ಬಳಸುವುದಿಲ್ಲ. ಹೊಗೆಯಿಂದ ಕೊನೆಯ ಬಿಸಿಯನ್ನೂ ಹಿಂಡಿ, ನೀರು ಹನಿಯುವಷ್ಟು ತಣಿಸಿ, ಪಿವಿಸಿ ಪೈಪಿನಲ್ಲಿ ಗೋಡೆಯಿಂದಾಚೆ ಬಿಡುತ್ತದೆ. ಎರಡು ಯಂತ್ರಕ್ಕೆಂದು ಹಾಕಿದ್ದ ಆರಿಂಚಿನ ಹೊಗೆಕೊಳವೆ ಹೀಟರ್ ಒಂದಕ್ಕೇ ಉಳಿಯುತ್ತಿತ್ತು. ಅದರ ಅಲ್ಪ ಬಿಸಿಗೆ ಅಷ್ಟಗಲದ ಕೊಳವೆ ಕಾಯುವುದೇ ಇಲ್ಲ, ಸೆಳೆತ ಇನ್ನೂ ಕುಗ್ಗುತ್ತದೆ, ಒಳಗೆ ತೇವ ಕಟ್ಟುತ್ತದೆ. ಇಲ್ಲಿನ ತಂತ್ರಜ್ಞರು ಇದಕ್ಕೆ ಆರ್ಫನ್, ಅಂದರೆ ಅನಾಥ, ವಾಟರ್ ಹೀಟರ್ ಎನ್ನುತ್ತಾರೆ. ವಿಷಾನಿಲಕ್ಕೆ ಹೆದರಿ ಕೊಂಡ ಹೊಸ ಫರ್ನೇಸೇ ವಿಷಾನಿಲದ ಅಪಾಯವನ್ನು ಹೆಚ್ಚಿಸುತ್ತಿತ್ತು. ಕೊಳವೆಯೊಳಗೆ ಲೈನರ್ ಎಂಬ ಸಣ್ಣ ಕೊಳವೆ ಇಳಿಸಬಹುದು, ಆದರೆ 7,800ರಲ್ಲಿ ಅದು ಸೇರಿರಲಿಲ್ಲ.

ಗಟ್ಟಿ ಬಾಗಿಲು ಆ ವಾರವೇ ಹೋಯಿತು. ಸಂಹಿತೆ ಕೇಳುವುದು ಎರಡು ಕಿಂಡಿ, ಒಂದು ಮೇಲಿನ ಅಡಿಯೊಳಗೆ, ಇನ್ನೊಂದು ಕೆಳಗಿನ ಅಡಿಯೊಳಗೆ, ಪ್ರತಿಯೊಂದಕ್ಕೂ ಸಾವಿರ ಬಿಟಿಯುಗೆ ಒಂದು ಚದರ ಇಂಚು, ಅಂದರೆ 140. ಲೋಹದ ಜಾಲರಿಯಲ್ಲಿ ನಿಜಕ್ಕೂ ತೆರೆದಿರುವುದು ಮುಕ್ಕಾಲು ಭಾಗ ಎಂದು ಹಿಡಿಯಬೇಕು, ಮರದ್ದಾದರೆ ಕಾಲು ಭಾಗ ಮಾತ್ರ. 12 ಇಂಚು 16 ಇಂಚಿನ ಎರಡು ಲೋಹದ ಜಾಲರಿ ಹೊಂದಿತು. ಹುಡ್ ಜೋರಾಗಿ ಓಡಿಸುವಾಗ ಅಡುಗೆಮನೆಯ ಕಿಟಕಿ ಎರಡು ಬೆರಳು ತೆರೆಯುವುದು ಸದ್ಯದ ನಿಯಮವಾಯಿತು. 400 ಘನ ಅಡಿ ಮೀರಿದ ಹುಡ್‌ಗೆ ಬದಲಿ ಗಾಳಿಯ ವ್ಯವಸ್ಥೆ ಬೇಕೆಂದು ಕಟ್ಟಡ ಸಂಹಿತೆಯಲ್ಲೇ ಇದೆ. ಹುಡ್ ಮಾರಿದವರು ಹೇಳಿರಲಿಲ್ಲ. ಊದುಬತ್ತಿ ಪರೀಕ್ಷೆ ಮತ್ತೆ ಮಾಡಿದಾಗ ಹೊಗೆ ಒಂದು ನಿಮಿಷದೊಳಗೆ ಒಳಗೆ ಸೆಳೆಯಲ್ಪಟ್ಟಿತು.

ದುಡ್ಡಿನ ಲೆಕ್ಕ

ಮಾರಾಟಗಾರರು "ಗ್ಯಾಸ್ ಬಿಲ್ ಉಳಿತಾಯ" ಎಂದು ಹೇಳುವುದನ್ನು ಬಿಲ್ಲಿನಿಂದಲೇ ನೋಡಬಹುದು. ಬೇಸಿಗೆಯ ತಿಂಗಳುಗಳಲ್ಲಿ ಒಲೆ, ಸ್ನಾನದ ನೀರಿಗೆ ಎಷ್ಟು ಥರ್ಮ್ (ಗ್ಯಾಸ್ ಬಿಲ್ಲಿನ ಅಳತೆ) ಎಂದು ತೆಗೆದು, ಚಳಿಗಾಲದ ಬಳಕೆಯಿಂದ ಕಳೆದರೆ ಉಳಿಯುವುದು ಫರ್ನೇಸ್ ಕುಡಿದದ್ದು. ಇಲ್ಲಿ ವರ್ಷಕ್ಕೆ 700 ಥರ್ಮ್ ಬಂತು. ಹಳೆಯದರ 80ರಿಂದ ಹೊಸದರ 96 ಪರ್ಸೆಂಟಿಗೆ ಹೋದರೆ ಉಳಿತಾಯ ಆರನೇ ಒಂದು ಭಾಗ, ಸುಮಾರು 117 ಥರ್ಮ್. ಥರ್ಮಿಗೆ ಒಂದು ಡಾಲರ್ ಹಿಡಿದರೂ ವರ್ಷಕ್ಕೆ 117 ಡಾಲರ್. ತಿಂಗಳ ಸ್ಥಿರ ಶುಲ್ಕ ಕಡಿಮೆಯಾಗುವುದಿಲ್ಲ. ಉಳಿತಾಯದಿಂದಲೇ ಹೊಸ ಯಂತ್ರದ ದುಡ್ಡು ಹುಟ್ಟುತ್ತದೆ ಎನ್ನುವವರು ಈ ಗುಣಾಕಾರ ಮಾಡಿ ತೋರಿಸಲಿ.

ಹಾಗೆಂದು ಶುಚಿ ಗೆದ್ದಿತು ಎನ್ನಲೂ ಆಗದು. ಶುಚಿ ಮಾಡಿದರೆ ಉಕ್ಕಿನ ಆಯುಸ್ಸು ಮರಳುವುದಿಲ್ಲ. ಆ ತಿರುವಿನ ತುಕ್ಕು ಬೆಳೆಯುತ್ತಲೇ ಹೋಗುತ್ತದೆ, ಫರ್ನೇಸನ್ನು ಹೇಗೂ ಬದಲಿಸಲೇಬೇಕು. 280 ಡಾಲರಿಗೆ ಅವರು ಕೊಂಡದ್ದು ಕಾಲಾವಕಾಶ. ಚಳಿಯಲ್ಲಿ ನಡುಗುತ್ತ ಒಂದೇ ಕೊಟೇಶನ್ನಿಗೆ ಸಹಿ ಹಾಕದೆ, ಬೇಸಿಗೆಯಲ್ಲಿ ಮೂರು ಕೊಟೇಶನ್ ಹರಡಿ ನೋಡುವ ಅನುಕೂಲ. ನನ್ನ ಲೆಕ್ಕದಲ್ಲಿ ಅದರ ಬೆಲೆ ಗ್ಯಾಸ್ ಉಳಿತಾಯಕ್ಕಿಂತ ಹೆಚ್ಚು.

ಆ ಅವಕಾಶದಲ್ಲಿ ಹೊರಬಿದ್ದ ಮೊದಲ ಸಂಗತಿ ಸೈಜಿನದ್ದು. ಫೆಬ್ರವರಿಯಲ್ಲಿ ಹೊರಗೆ 0 ಡಿಗ್ರಿ ಫ್ಯಾರನ್‌ಹೀಟ್ (ಸೆಲ್ಸಿಯಸ್‌ನಲ್ಲಿ ಸುಮಾರು ಮೈನಸ್ 18) ಆಸುಪಾಸು ಇದ್ದ ಒಂದು ದಿನ ಫರ್ನೇಸ್ 24 ಗಂಟೆಯಲ್ಲಿ 13 ಗಂಟೆ ಉರಿದದ್ದು ಥರ್ಮೋಸ್ಟಾಟಿನ ದಾಖಲೆಯಲ್ಲಿತ್ತು. ಹಳೆಯದು ಒಂದು ಲಕ್ಷ ತಿಂದು ಎಂಬತ್ತು ಸಾವಿರ ಕೊಡುವಂಥದ್ದು. ಅಂದರೆ ಮನೆಗೆ ಬೇಕಾದದ್ದು ಗಂಟೆಗೆ ಸುಮಾರು 43,000 ಬಿಟಿಯು. ಅರವತ್ತು ಸಾವಿರದ 96 ಪರ್ಸೆಂಟಿನದ್ದು 57,600 ಕೊಡುತ್ತದೆ, ಕಡು ಚಳಿಗೂ ಮಿಗುತ್ತದೆ. "ಈಗಿನಷ್ಟೇ ಸೈಜ್" ಎಂದು ಬರೆದಿದ್ದ ಮೊದಲ ಕೊಟೇಶನ್ನಿನ ಯಂತ್ರ 96,000 ಕೊಡುತ್ತಿತ್ತು, ಅಗತ್ಯದ ಎರಡು ಪಟ್ಟಿಗೂ ಹೆಚ್ಚು. ಅಂಥದ್ದು ಪದೇಪದೇ ಹೊತ್ತಿ ಆರುತ್ತದೆ, ಒಂದು ಕೋಣೆ ಸೆಕೆ, ಇನ್ನೊಂದು ಥಂಡಿ.

ಎರಡನೆಯದು ಎಸಿ. ಅದೂ 2005ರದ್ದು, ತಂಪು ಮಾಡಲು ಬಳಸುವ ಆರ್-22 ಅನಿಲದ್ದು. ಆ ಅನಿಲದ ಹೊಸ ತಯಾರಿಕೆ, ಆಮದು ಅಮೆರಿಕದಲ್ಲಿ 2020ಕ್ಕೇ ನಿಂತಿದೆ. ಜುಲೈನಲ್ಲಿ ಅದು ಸೋರತೊಡಗಿತು. ಅದರ ಕಾಯಿಲ್ ಕೂರುವುದೇ ಫರ್ನೇಸಿನ ತಲೆಯ ಮೇಲಾದ್ದರಿಂದ ಒಂದನ್ನು ಬಿಚ್ಚಿದಾಗ ಇನ್ನೊಂದನ್ನೂ ಬದಲಿಸಿದರೆ ಕೂಲಿ ಉಳಿಯುತ್ತದೆ. ಅದೇ ತಿಂಗಳು ಬಂದ ಅಮೆರಿಕದ ಕೇಂದ್ರ ಕಾನೂನು, ಮನೆಯ ಇಂಥ ಯಂತ್ರಗಳಿಗಿದ್ದ ತೆರಿಗೆ ವಿನಾಯಿತಿಯನ್ನು 2025ರ ಡಿಸೆಂಬರ್ 31ಕ್ಕೆ ಮುಗಿಸಿತು. ಹೀಟ್ ಪಂಪ್‌ಗೆ (ಬೇಸಿಗೆಯಲ್ಲಿ ಎಸಿಯಾಗಿ, ಚಳಿಯಲ್ಲಿ ಹೊರಗಿನ ಬಿಸಿಯನ್ನು ಒಳಗೆ ತರುವ ಯಂತ್ರ) 2,000 ಡಾಲರ್‌ವರೆಗೆ, 97 ಪರ್ಸೆಂಟಿನ ಫರ್ನೇಸಿಗೆ 600ರವರೆಗೆ ಇತ್ತು. ಮೂರು ಕೊಟೇಶನ್ ತರಿಸಿದರು. ಸೈಜಿನ ಲೆಕ್ಕವನ್ನು ಕಾಗದದಲ್ಲಿ ತೋರಿಸಿದ್ದು ಒಬ್ಬರೇ, ಕೆಲಸ ಅವರಿಗೆ ಹೋಯಿತು.

ಅಕ್ಟೋಬರಿನಲ್ಲಿ ಮೂರೂ ಬದಲಾದವು: ಅರವತ್ತು ಸಾವಿರದ 97 ಪರ್ಸೆಂಟ್ ಫರ್ನೇಸ್, ಎಸಿ ಜಾಗಕ್ಕೆ ಹೀಟ್ ಪಂಪ್, ಸ್ವಂತ ಫ್ಯಾನ್ ಇರುವ, ಗೋಡೆಯಿಂದಾಚೆ ಹೊಗೆ ಬಿಡುವ ವಾಟರ್ ಹೀಟರ್. ಹಳೆಯ ಹೊಗೆಕೊಳವೆಯನ್ನು ಮುಚ್ಚಿಬಿಟ್ಟರು. ಖರ್ಚು ಹದಿನೆಂಟು ಸಾವಿರ ಡಾಲರ್ ದಾಟಿತು, ಸಣ್ಣದಲ್ಲ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರಿನ ಮೆದು ಚಳಿಯನ್ನು ಹೀಟ್ ಪಂಪ್ ನೋಡಿಕೊಳ್ಳುತ್ತದೆ, ಕಡು ಚಳಿಗೆ ಗ್ಯಾಸ್. ಹೀಟ್ ಪಂಪಿನ ಗಾಳಿ ಹಳೆಯ ಫರ್ನೇಸಿನಷ್ಟು ಸುಡುಸುಡು ಬರುವುದಿಲ್ಲ, ಹಾಗಾಗಿ ಮೊದಲ ವಾರ ಮನೆಯಾಕೆಗೆ ಇದು ಕೆಲಸ ಮಾಡುತ್ತಿದೆಯೇ ಎಂಬ ಅನುಮಾನವಿತ್ತು.

ಹಳೆಯ ಫರ್ನೇಸನ್ನು ಒಯ್ಯುವ ಮುಂಚೆ ನನ್ನ ಒತ್ತಾಯಕ್ಕೆ ಅವರು ಎಕ್ಸ್‌ಚೇಂಜರ್ ಹೊರತೆಗೆದು ಬೆಳಕಿಗೆ ಹಿಡಿದರು. ಕ್ಯಾಮೆರಾದಲ್ಲಿ ಕಂಡಿದ್ದ ತಿರುವಿನಲ್ಲಿ ತುಕ್ಕು ಚಕ್ಕೆಯಾಗಿ ಏಳುತ್ತಿತ್ತು, ಆರ್‌ಪಾರ್ ಬಿರುಕು ಎಲ್ಲೂ ಇರಲಿಲ್ಲ. ಇನ್ನು ಮೂರ್ನಾಲ್ಕು ಚಳಿಗಾಲ ತಡೆಯುತ್ತಿತ್ತೇನೋ ಎಂದು ಒಬ್ಬ, ಮುಂದಿನ ಜನವರಿಯನ್ನೇ ನಂಬಲಾರೆ ಎಂದು ಇನ್ನೊಬ್ಬ.

ಹೊಸದರ ವಾರಂಟಿಯನ್ನು ಅದೇ ರಾತ್ರಿ ಆನ್‌ಲೈನಿನಲ್ಲಿ ನೋಂದಾಯಿಸಿದರು. ಗಡುವಿನೊಳಗೆ ಮಾಡದಿದ್ದರೆ ಹತ್ತು ವರ್ಷದ ಬಿಡಿಭಾಗದ ವಾರಂಟಿ ಎಷ್ಟೋ ಕಂಪನಿಗಳಲ್ಲಿ ಐದಕ್ಕೆ ಇಳಿಯುತ್ತದೆ. ಹಿತ್ತಿಲ ಗೋಡೆಯಿಂದ ಹೊರಚಾಚಿದ ಬಿಳಿ ಪಿವಿಸಿ ಪೈಪ್‌ಗಳ ಸುತ್ತ ಹಿಮ ಕಟ್ಟದಂತೆ ಗೋರುವುದು ಈಗ ಮನೆಯ ದೊಡ್ಡ ಮಗನ ಪಾಲಿನ ಕೆಲಸ.